ಬಟವಾಡೆ

ಕನ್ನಡದಲ್ಲಿ ‘ಬಟವಾಡೆ’ ಎಂಬ ಒಂದು ಮಾತಿದೆ. ಸಂಬಳವೂ ಬಟವಾಡೆಯಾಗುತ್ತದೆ, ಕಾಗದವೂ ಬಟವಾಡೆಯಾಗುತ್ತದೆ. ತೋಟದ ಆಳುಗಳಿಗೆ ವಾರಕ್ಕೊಮ್ಮೆ ಬಟವಾಡೆ, ಅಂಚೆಯವನದು ದಿನಾ ಬಟವಾಡೆ. ಎರಡು ಕಡೆಯೂ ಅರ್ಥ ಒಂದೇ: ಯಾರಿಗೆ ಸೇರಬೇಕೋ ಅವರ ಕೈಗೆ ಮುಟ್ಟಿತು ಎಂದು. ಅರ್ಧ ದಾರಿಯಲ್ಲಿ ನಿಂತದ್ದನ್ನು ಯಾರೂ ಬಟವಾಡೆ ಎನ್ನುವುದಿಲ್ಲ. ಸರ್ಕಾರದ ಹಣವೆಲ್ಲ ಗಣಕಯಂತ್ರದೊಳಗೆ ಹರಿಯತೊಡಗಿದ ಮೇಲೆ ಈ ಮಾತು ಹಿಂದಕ್ಕೆ ಸರಿದು ‘ಪಾವತಿ’ ಎಂಬುದು ಮುಂದೆ ಬಂದಿದೆ. ಪಾವತಿಯಾಯಿತು ಎಂದರೆ ಕೊಡುವವರ ಕೈಯಿಂದ ಬಿಟ್ಟಿತು ಎಂದಷ್ಟೇ ಆದರೂ ಆದೀತು. ತೆಗೆದುಕೊಳ್ಳುವವಳ ಕೈ ಆ ಮಾತಿನಲ್ಲಿ ಕಾಣುವುದಿಲ್ಲ.

ಪುಸ್ತಕಕ್ಕೆ ವಿಮರ್ಶೆ ಬರೆಯುತ್ತೇವೆ, ನಾಟಕಕ್ಕೆ ಬರೆಯುತ್ತೇವೆ, ಮದುವೆ ಮನೆಯ ಊಟಕ್ಕಂತೂ ಕೈ ತೊಳೆಯುವ ಮೊದಲೇ ವಿಮರ್ಶೆ ಶುರು. ಸರ್ಕಾರ ನಮಗೆ ದುಡ್ಡು ಕೊಡುವ ರೀತಿಯನ್ನು ಮಾತ್ರ ವಿಮರ್ಶೆಯ ವಸ್ತು ಎಂದು ನಾವು ಅಂದುಕೊಂಡೇ ಇಲ್ಲ. ಕೊಟ್ಟರೆ ಪುಣ್ಯಾತ್ಮರು, ಕೊಡದಿದ್ದರೆ ನಮ್ಮ ಹಣೆಬರಹ! ಆದರೆ ಅದೂ ಯಾರೋ ಕೂತು ಹೆಣೆದದ್ದೇ ತಾನೆ? ಅದರಲ್ಲೂ ಗಟ್ಟಿಯಾದ ಕಡೆ, ಜಾಳಾದ ಕಡೆ ಇರಲೇಬೇಕು. ಕೊಳ್ಳೇಗಾಲದಲ್ಲಿ ಕೂತು, ಹೂಗ್ಯಂ ಕಡೆ ಮುಖ ಮಾಡಿ, ಅದನ್ನು ಒಮ್ಮೆ ಓದಿ ನೋಡುವ ಮನಸ್ಸಾಗಿದೆ.

ಹೂಗ್ಯಂ ಯಾಕೆಂದರೆ ನನ್ನ ಚಿಕ್ಕಮ್ಮನ ಊರು ಅದು. ಹನೂರು, ರಾಮಾಪುರ ದಾಟಿ ಕಾಡಂಚಿಗೆ ಹೋಗಬೇಕು. ಆಚೆಗೆ ತಮಿಳು ಸೀಮೆ, ಈಚೆಗೆ ಮಾದಪ್ಪನ ಬೆಟ್ಟ. ನಮ್ಮ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ, ಈಚೆಗೆ ಹನೂರೇ ಒಂದು ತಾಲ್ಲೂಕು. ಹೂಗ್ಯಂ ಮಾತ್ರ ಇದ್ದಲ್ಲೇ ಇದೆ. ಕಚೇರಿಗಳು ಅದರ ಸುತ್ತ ಜಾಗ ಬದಲಾಯಿಸುತ್ತಾ ಬಂದಿವೆ.

ಹಳೆಯ ಪದ್ಧತಿ ಹೇಗಿತ್ತೆಂದು ಸ್ವಲ್ಪ ನೆನಪು ಮಾಡಿಕೊಳ್ಳೋಣ. ನಮ್ಮ ತಂದೆ ಪ್ರೈಮರಿ ಶಾಲೆಯ ಮೇಷ್ಟ್ರು. ತಿಂಗಳ ಕೊನೆಯಲ್ಲಿ ಸಂಬಳದ ಬಿಲ್ಲು ತಯಾರಾಗಿ ಉಪಖಜಾನೆಗೆ ಹೋಗಬೇಕು. ಅಲ್ಲಿ ಬಿಲ್ಲು ಕೊಟ್ಟರೆ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಾರೆ, ಟೋಕನ್. ಬಿಲ್ಲು ಮೇಜಿಂದ ಮೇಜಿಗೆ ಹೋಗಿ, ಕೆಂಪು ಶಾಯಿ ಹಸಿರು ಶಾಯಿ ಎಲ್ಲ ಬಿದ್ದು, ಪಾಸಾಗಿ, ಬ್ಯಾಂಕಿಗೆ ಬಂದು ನೋಟಾಗಿ, ಬಟ್ಟೆ ಚೀಲದಲ್ಲಿ ಊರಿಗೆ ಬರುವ ಹೊತ್ತಿಗೆ ಒಂದೊಂದು ಸಲ ಒಂದನೇ ತಾರೀಕು ಕಳೆದು ವಾರವಾಗಿರುತ್ತಿತ್ತು. ಈ ಪ್ರಯಾಣದ ಕೊನೆಗೆ ಒಂದು ಸಣ್ಣ ವಿಧಿಯಿತ್ತು. ಪಟ್ಟಿಯಲ್ಲಿ ಅವರವರ ಹೆಸರಿನ ಮುಂದೆ ಒಂದು ರೆವಿನ್ಯೂ ಸ್ಟಾಂಪು. ನೋಟು ಎಣಿಸಿ ನೋಡಿದ ಮೇಲೆ ಅದರ ಮೇಲೆ ಸಹಿ. ಆ ಸಹಿ ಬೀಳುವವರೆಗೆ ಸರ್ಕಾರದ ಲೆಕ್ಕದಲ್ಲಿ ಸಂಬಳ ಕೊಟ್ಟ ಹಾಗಲ್ಲ.

ಮನಿಯಾರ್ಡರಿನಲ್ಲೂ ಹೀಗೇ. ಚಿಕ್ಕಮ್ಮನಿಗೆ ವಿಧವಾ ವೇತನ ಬರುತ್ತಿದ್ದದ್ದು ಅಂಚೆಯಲ್ಲಿ. ಆಕೆ ಹೊಲದಲ್ಲಿದ್ದರೆ ಪೋಸ್ಟ್‌ಮನ್ ಬದುವಿನ ಮೇಲೆ ನಿಂತೇ ಕೂಗು ಹಾಕುತ್ತಿದ್ದ. ಮಣ್ಣಿನ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದರೆ ಆ ಚೀಟಿಯ ತುಂಡು ವಾಪಸು ಹೋಗುತ್ತಿತ್ತು, ‘ಮುಟ್ಟಿತು’ ಎಂದು ಹೇಳಲು. ಮನಿಯಾರ್ಡರಿನಲ್ಲಿ ಹತ್ತು ಇಪ್ಪತ್ತು ಮುರಿದುಕೊಳ್ಳುವವರಿದ್ದಾರೆ, ಸತ್ತವರ ಹೆಸರಿನಲ್ಲಿ ಹೆಬ್ಬೆಟ್ಟು ಬೀಳುತ್ತದೆ ಎಂಬ ದೂರು ನಾಡಿನ ಎಲ್ಲ ಕಡೆಯೂ ಇತ್ತು. ಇರಲಿಲ್ಲ ಎಂದು ನಾನೇನೂ ಹೇಳುತ್ತಿಲ್ಲ. ಹಳೆಯದೆಲ್ಲ ಚಿನ್ನ ಎನ್ನುವವರ ಪೈಕಿ ನಾನಲ್ಲ.

ಖಜಾನೆಗಳನ್ನು ಗಣಕೀಕರಣ ಮಾಡಿದ ಕೆಲಸ ನಿಜಕ್ಕೂ ದೊಡ್ಡದು. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಖಜಾನೆ’ ಎಂಬ ಹೆಸರಿನಲ್ಲೇ ರಾಜ್ಯದ ಇನ್ನೂರಕ್ಕೂ ಹೆಚ್ಚು ಖಜಾನೆ, ಉಪಖಜಾನೆಗಳನ್ನು ಉಪಗ್ರಹದ ಮೂಲಕ ಬೆಂಗಳೂರಿಗೆ ಜೋಡಿಸಿದರು. ಅದಕ್ಕೆ ಮೊದಲು ಯಾವ ಇಲಾಖೆ ಬಜೆಟ್ಟಿಗಿಂತ ಹೆಚ್ಚು ಖರ್ಚು ಮಾಡಿದೆ ಎಂದು ತಿಳಿಯುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಗಣಕ ಬಂದ ಮೇಲೆ ಅನುದಾನ ಮೀರಿದ ಬಿಲ್ಲು ಬಾಗಿಲಲ್ಲೇ ನಿಲ್ಲುವಂತಾಯಿತು. ಕಳೆದ ದಶಕದಲ್ಲಿ ಬಂದ ‘ಖಜಾನೆ-2’ರಲ್ಲಿ ಬಿಲ್ಲು ಹೊತ್ತು ಓಡಾಡುವುದೂ ಕಡಿಮೆಯಾಯಿತು, ಹಣ ನೇರವಾಗಿ ಖಾತೆಗೆ. ಅಪ್ಪ ಇದ್ದಿದ್ದರೆ ಕೈ ಮುಗಿಯುತ್ತಿದ್ದರು.

ನನ್ನ ತಕರಾರು ಒಂದೇ. ಇಷ್ಟೆಲ್ಲ ಹೊಸತು ಮಾಡುವಾಗ ಆ ಕೊನೆಯ ಸಹಿಯನ್ನು, ಆ ಹೆಬ್ಬೆಟ್ಟನ್ನು ಎಲ್ಲಿ ಬಿಟ್ಟುಬಂದರು? ಬ್ಯಾಂಕು ‘ಖಾತೆಗೆ ಹಾಕಿದೆ’ ಎನ್ನುತ್ತದೆ, ಇಲಾಖೆ ‘ಕಳುಹಿಸಿದೆ’ ಎನ್ನುತ್ತದೆ. ‘ಬಂತು’ ಎಂದು ಹೇಳುವ ಜಾಗ ಮಾತ್ರ ಯಾರಿಗೂ ಇಲ್ಲ. ಮೋಸ ನಿಲ್ಲಿಸಲೆಂದು ಹೆಬ್ಬೆಟ್ಟನ್ನು ತೆಗೆದರೆನ್ನಿ ಎಂದರೆ ಅದೂ ಅಲ್ಲ. ಹಣ ಪಡೆಯುವ ಮುಂಚೆ ಬೇಕಾದಷ್ಟು ಸಲ ಬೆರಳು ಒತ್ತಿಸಿಕೊಳ್ಳುತ್ತಾರೆ. ನೀನು ನೀನೇ ಹೌದೋ ಎಂದು ನೂರು ಸಲ ಕೇಳುವವರು, ನಿನಗೆ ಮುಟ್ಟಿತೋ ಎಂದು ಒಮ್ಮೆ ಕೇಳಬಾರದೆ?

ಗಣಕದವರ ಲೋಕದಲ್ಲಿ ‘ಅಜೈಲ್’ ಎಂಬ ಒಂದು ಪದ್ಧತಿಯ ಹೆಸರು ಬಹಳ ಓಡಾಡುತ್ತದೆ. ನಿಮ್ಮ ಮನೆಯ ಮಗನೋ ಸೊಸೆಯೋ ಬೆಂಗಳೂರಿನಲ್ಲಿ ಆ ಕೆಲಸದಲ್ಲಿದ್ದರೆ ಕೇಳಿಯೇ ಇರುತ್ತೀರಿ. ಚುರುಕಾದದ್ದು ಎಂದರ್ಥ. ಬ್ಲೌಸ್ ಹೊಲಿಸಿದ ಯಾರಿಗಾದರೂ ಇದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಒಬ್ಬ ದರ್ಜಿ ಇರುತ್ತಾನೆ. ಅಳತೆ ತೆಗೆದುಕೊಳ್ಳುತ್ತಾನೆ, ಅಳತೆ ರವಿಕೆಯನ್ನೂ ಇಟ್ಟುಕೊಳ್ಳುತ್ತಾನೆ, ಆಮೇಲೆ ಮದುವೆಯ ಹಿಂದಿನ ರಾತ್ರಿ ಎಂಟು ಗಂಟೆಗೆ ಪೊಟ್ಟಣ ಕೊಡುತ್ತಾನೆ. ತೋಳು ಹಿಡಿದರೆ ಅಳುವುದೊಂದೇ ದಾರಿ, ಕೊಳ್ಳೇಗಾಲದ ರೇಷ್ಮೆಯನ್ನು ಮತ್ತೆ ಕತ್ತರಿಸಲು ಬಟ್ಟೆ ಉಳಿದಿರುವುದಿಲ್ಲ. ಇನ್ನೊಬ್ಬ ದರ್ಜಿ ಮೊದಲು ಕಚ್ಚಾ ಹೊಲಿಗೆ ಹಾಕಿ ಕರೆಯುತ್ತಾನೆ. ತೊಡಿಸಿ ನೋಡಿ, ಕೈ ಎತ್ತಿ ಇಳಿಸಿ ಎಂದು ಹೇಳಿ, ಬಿಡಿಸಿ, ಮತ್ತೆ ಹೊಲಿಯುತ್ತಾನೆ. ಈ ಎರಡನೆಯವನದೇ ಅಜೈಲ್. ಎರಡು ವಾರಕ್ಕೊಮ್ಮೆ ಒಂದು ಚೂರು ಕೆಲಸ ಮುಗಿಸಿ, ಬಳಸುವವರಿಗೆ ತೋರಿಸಿ, ಅವರು ಮುಖ ಸಿಂಡರಿಸಿದ ಕಡೆ ತಿದ್ದಿ, ಮುಂದಿನ ಚೂರಿಗೆ ಹೋಗುವುದು.

ಮೊದಲನೆಯ ದರ್ಜಿಯ ರೀತಿಗೆ ಅವರು ‘ಜಲಪಾತ’ ಎಂಬ ಹೆಸರಿಟ್ಟಿದ್ದಾರೆ. ನಮ್ಮ ಹೊಗೇನಕಲ್ಲಿನಲ್ಲಿ ಕಾವೇರಿ ಧುಮುಕಿದ ಹಾಗೆ. ಮೇಲಿನ ಹಂತದಿಂದ ಕೆಳಗಿನ ಹಂತಕ್ಕೆ ಬಿದ್ದ ನೀರು ಮತ್ತೆ ಮೇಲೆ ಹತ್ತುವುದಿಲ್ಲ. ಈ ಬಗೆಯ ಹಂತಗಳ ಚಿತ್ರವನ್ನು 1970ರಲ್ಲಿ ಬರೆದ ವಿನ್ಸ್‌ಟನ್ ರಾಯ್ಸ್ ಎಂಬಾತ ಹೀಗೆ ಒಂದೇ ಇಳಿಜಾರಿನಲ್ಲಿ ಮಾಡುವುದು ಅಪಾಯ ಎಂದು ಅದೇ ಲೇಖನದಲ್ಲಿ ಹೇಳಿದ್ದ. ಚಿತ್ರ ಉಳಿಯಿತು, ಎಚ್ಚರಿಕೆ ಕೊಚ್ಚಿಹೋಯಿತು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಹಿಮದ ಬೆಟ್ಟವೊಂದರಲ್ಲಿ 17 ಜನ ಸೇರಿ ಇದಕ್ಕೆ ಎದುರಾಗಿ ಅಜೈಲ್ ಎಂಬ ಘೋಷಣೆ ಬರೆದರು. ಹದಿನೇಳರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಇದ್ದಿದ್ದರೆ ಬ್ಲೌಸಿನ ಉದಾಹರಣೆ ಅವರಿಗೂ ಸಿಗುತ್ತಿತ್ತೇನೋ!

ಆ ಪದ್ಧತಿಯಲ್ಲಿ ನನಗೆ ಬಹಳ ಹಿಡಿಸಿದ ಒಂದು ನಿಯಮವಿದೆ. ಕೆಲಸ ಶುರು ಮಾಡುವ ಮೊದಲೇ ‘ಮುಗಿಯಿತು’ ಎಂದರೆ ಏನರ್ಥ ಎಂದು ಎಲ್ಲರೂ ಒಪ್ಪಿ ಬರೆದಿಟ್ಟುಕೊಳ್ಳಬೇಕು. ಅಡಿಗೆ ಮುಗಿಯಿತು ಎಂದರೆ ಒಲೆ ಆರಿತು ಎಂದೋ, ಎಲ್ಲರ ಊಟ ಆಯಿತು ಎಂದೋ, ಪಾತ್ರೆ ತೊಳೆದಿಟ್ಟದ್ದಾಯಿತು ಎಂದೋ? ನಮ್ಮ ಮನೆಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಇದರಲ್ಲಿ ಭಿನ್ನಾಭಿಪ್ರಾಯ ಇದೆ ಎಂಬುದು ನಿಮಗೇ ಗೊತ್ತು.

ಇದನ್ನು ಹಿಡಿದುಕೊಂಡು ಗೃಹಲಕ್ಷ್ಮಿಯನ್ನು ಓದೋಣ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. 2023ರ ಜುಲೈನಲ್ಲಿ ನೋಂದಣಿ ಶುರುವಾಗಿ, ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆ ಆಯಿತು. ಕೋಟಿಗೂ ಮಿಕ್ಕಿದ ಹೆಂಗಸರಿಗೆ ಏಕಕಾಲಕ್ಕೆ ದುಡ್ಡು ಕಳಿಸುವುದೆಂದರೆ ಸಣ್ಣ ಮಾತಲ್ಲ, ಅದನ್ನು ಲೇವಡಿ ಮಾಡುವವರು ಒಂದು ಮದುವೆಗೆ ಕಾರ್ಡು ಹಂಚಿ ನೋಡಲಿ. ನೋಂದಣಿಗೆ ಮೊದಲು ಒಂದು ನಿಯಮ ಮಾಡಿದ್ದರು: ಯಾವ ದಿನ, ಯಾವ ಹೊತ್ತು, ಯಾವ ಕೇಂದ್ರ ಎಂದು ಫೋನಿಗೆ ಸಂದೇಶ ಬಂದ ಮೇಲೆಯೇ ಹೋಗಬೇಕು ಎಂದು. ಮನೆಯ ಒಂದೇ ಫೋನು ಗಂಡನ ಜೇಬಿನಲ್ಲೋ ಮಗನ ಕೈಯಲ್ಲೋ ಇರುವ ದೇಶದಲ್ಲಿ ಈ ನಿಯಮ ಕೂತು ಬರೆದವರು ಯಾರೋ! ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟು, ಸಂದೇಶಕ್ಕೆ ಕಾಯದೆ ಯಾವಾಗ ಬೇಕಾದರೂ ಬನ್ನಿ ಎಂದರು. ಅಜೈಲ್ ಎಂದು ಹೆಸರಿಡದೆ ಮಾಡಿದ ಒಳ್ಳೆಯ ಅಜೈಲ್ ಕೆಲಸ ಅದು. ತಪ್ಪಿತು, ಕಂಡಿತು, ತಿದ್ದಿದರು.

ಆಮೇಲಿನದು ಅಷ್ಟು ಸಲೀಸಾಗಲಿಲ್ಲ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಖಾತೆಗೆ ಆಧಾರ್ ಜೋಡಿಸಿಲ್ಲ. ಜೋಡಿಸಿದ್ದರೂ ವ್ಯವಹಾರವಿಲ್ಲದೆ ಖಾತೆ ನಿದ್ದೆ ಹೋಗಿದೆ. ಇವೆಲ್ಲ ಬಗೆಹರಿಸಲೆಂದು 2023ರ ಡಿಸೆಂಬರ್ ಕೊನೆಯಲ್ಲಿ, 27ರಿಂದ 29ರವರೆಗೆ, ಗ್ರಾಮ ಪಂಚಾಯಿತಿಗಳಲ್ಲಿ ಗೃಹಲಕ್ಷ್ಮಿ ಶಿಬಿರಗಳು ನಡೆದವು. ಬ್ಯಾಂಕಿನವರು, ಅಂಗನವಾಡಿಯವರು, ಗಣಕದವರು ಒಂದೇ ಕಡೆ ಕೂತರು. ಹೆಂಗಸರು ಬಂದು ‘ನನಗೆ ಬಂದಿಲ್ಲ’ ಎಂದು ಹೇಳಲು ಒಂದು ಮೇಜು ಇತ್ತು. ನನ್ನ ದೃಷ್ಟಿಯಲ್ಲಿ ಆ ಯೋಜನೆಯ ಅತ್ಯುತ್ತಮ ಅಧ್ಯಾಯ ಅದೇ, ಆದರೆ ಅದು ಪುಸ್ತಕದ ಮೊದಲಲ್ಲಿ ಇರಬೇಕಿತ್ತು. ಆಗಸ್ಟ್‌ಗೆ ಮೊದಲೇ ಇಂಥ ಮೇಜುಗಳನ್ನು ಹತ್ತು ಪಂಚಾಯಿತಿಗಳಲ್ಲಿ ಹಾಕಿದ್ದರೆ, ಅದರಲ್ಲಿ ಒಂದು ಹೂಗ್ಯಂ ಆಗಿದ್ದರೆ, ಕಚ್ಚಾ ಹೊಲಿಗೆಯಲ್ಲೇ ತೋಳು ಎಲ್ಲಿ ಹಿಡಿಯುತ್ತದೆ ಎಂದು ಗೊತ್ತಾಗುತ್ತಿತ್ತು. ಮೂರು ದಿನ ಮುಗಿದ ಮೇಲೆ ಮೇಜು ಎತ್ತಿದ್ದೂ ನನಗೆ ಸರಿ ಕಾಣಲಿಲ್ಲ. ಪಾವತಿ ತಿಂಗಳು ತಿಂಗಳೂ ಇರುವಾಗ ಮೇಜು ಮೂರೇ ದಿನ ಯಾಕೆ?

ಆಧಾರ್ ಮೂಲಕ ಹಣ ಹೋಗುವ ದಾರಿಯಲ್ಲಿ ಒಂದು ತಿರುವು ಇದೆ, ಅದು ನಮ್ಮಲ್ಲಿ ಬಹಳ ಜನಕ್ಕೆ ಇನ್ನೂ ತಿಳಿಯದು. ಸರ್ಕಾರ ಕಳಿಸುವುದು ಖಾತೆಯ ಸಂಖ್ಯೆಗಲ್ಲ, ಆಧಾರ್ ಸಂಖ್ಯೆಗೆ. ಆ ಆಧಾರಿಗೆ ಯಾವ ಬ್ಯಾಂಕು ಎಲ್ಲರಿಗಿಂತ ಕೊನೆಯಲ್ಲಿ ಜೋಡಣೆಯಾಗಿದೆಯೋ ಆ ಬ್ಯಾಂಕಿಗೆ ಹಣ ಹೋಗುತ್ತದೆ. ನೀವು ಅರ್ಜಿಯಲ್ಲಿ ಬರೆದ ಖಾತೆ ಯಾವುದೇ ಇರಲಿ. ಚಿಕ್ಕಮ್ಮನ ಹೆಸರಿನಲ್ಲಿ ಮೂರು ಖಾತೆ. ಒಂದು ಗ್ಯಾಸಿಗೆಂದು ತೆರೆದದ್ದು, ಒಂದು ಸಂಘದ ಸಾಲಕ್ಕೆ, ಇನ್ನೊಂದು ಯಾರೋ ಟೈ ಕಟ್ಟಿದ ಹುಡುಗ ಬಂದು ‘ಉಚಿತ’ ಎಂದು ಬೆರಳು ಒತ್ತಿಸಿಕೊಂಡು ಹೋದದ್ದು. ಆಕೆಗೆ ಬರಬೇಕಾಗಿದ್ದ ಹಣ ನಾಲ್ಕು ತಿಂಗಳು ಕಾಣದೆ ಮೊದಲಿನ ಎರಡು ಬ್ಯಾಂಕಿಗೂ ಬಸ್ಸಿನಲ್ಲಿ ಓಡಾಡಿದಳು. ಎರಡು ಕಡೆಯೂ ‘ನಮ್ಮಲ್ಲಿ ಬಂದಿಲ್ಲ’ ಎಂದರೇ ವಿನಾ ಎಲ್ಲಿಗೆ ಹೋಗಿರಬಹುದು ಎಂದು ಒಬ್ಬರೂ ನೋಡಿ ಹೇಳಲಿಲ್ಲ. ದುಡ್ಡು ಆ ಮೂರನೆಯ ಖಾತೆಯಲ್ಲಿ ತಣ್ಣಗೆ ಕೂತಿತ್ತು. ಸರ್ಕಾರದ ಪುಸ್ತಕದಲ್ಲಿ ನಾಲ್ಕು ತಿಂಗಳೂ ಪಾವತಿಯಾಗಿತ್ತು. ಅದು ಸುಳ್ಳೂ ಅಲ್ಲ!

ಇದು ಒಬ್ಬ ಹಳ್ಳಿ ಹೆಂಗಸಿನ ಅಜ್ಞಾನ ಎಂದು ಯಾರಾದರೂ ಹೇಳುವ ಮೊದಲು 2017 ನೆನಪಿಸಿಕೊಳ್ಳಲಿ. ಏರ್‌ಟೆಲ್ ಫೋನಿಗೆ ಆಧಾರ್ ಜೋಡಿಸಲು ಹೋದ ಲಕ್ಷಾಂತರ ಜನರಿಗೆ ಗೊತ್ತಿಲ್ಲದೆಯೇ ಅದೇ ಕಂಪನಿಯ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದು, ಅವರ ಗ್ಯಾಸಿನ ಸಬ್ಸಿಡಿ ಅಲ್ಲಿಗೆ ಹರಿಯಿತು. ಆಧಾರ್ ಪ್ರಾಧಿಕಾರ ಮಧ್ಯೆ ಬಂದು ಡಿಸೆಂಬರಿನಲ್ಲಿ ತಡೆ ಹಾಕಬೇಕಾಯಿತು. ಓದಿದವರೂ ಪಟ್ಟಣದವರೂ ಅದರಲ್ಲಿದ್ದರು.

ನಮ್ಮಲ್ಲೇ ಹೀಗೆ ಎಂದು ನಾಚಿಕೊಳ್ಳಬೇಕಾಗಿಲ್ಲ. ಕೆನಡಾ ಸರ್ಕಾರ 2016ರ ಫೆಬ್ರವರಿಯಲ್ಲಿ ‘ಫೀನಿಕ್ಸ್’ ಎಂಬ ಸಂಬಳದ ವ್ಯವಸ್ಥೆ ಶುರು ಮಾಡಿತು. ವರ್ಷಕ್ಕೆ ಏಳು ಕೋಟಿ ಡಾಲರ್ ಉಳಿತಾಯ ಎಂಬ ಲೆಕ್ಕ. ಇಲಾಖೆ ಇಲಾಖೆಯಲ್ಲಿ ಕೂತು ಸಂಬಳದ ಗೋಜಲು ಬಿಡಿಸುತ್ತಿದ್ದ ಗುಮಾಸ್ತರ ಹುದ್ದೆಗಳನ್ನು ಮೊದಲೇ ತೆಗೆದು, ಕೆಲಸವನ್ನೆಲ್ಲ ಮಿರಮಿಶಿ ಎಂಬ ಒಂದು ಊರಿಗೆ ಸಾಗಿಸಿದ್ದರು. ಒಂದು ಕಡೆ ಸಣ್ಣದಾಗಿ ನಡೆಸಿ ನೋಡೋಣ ಎಂಬ ಪ್ರಯೋಗದ ಯೋಜನೆ ಇತ್ತು, ಅದನ್ನೂ ಕೈಬಿಟ್ಟರು. ಆಮೇಲೆ ಸಾವಿರಾರು ನೌಕರರಿಗೆ ಕಡಿಮೆ ಸಂಬಳ, ಕೆಲವರಿಗೆ ಹೆಚ್ಚು, ಕೆಲವರಿಗೆ ಏನೂ ಇಲ್ಲ. ಬಾಣಂತಿ ರಜೆ ಮುಗಿಸಿ ಬಂದವರ ಪಾಡಂತೂ ಕೇಳಬೇಡಿ. 2018ರಲ್ಲಿ ಅಲ್ಲಿನ ಮಹಾಲೆಕ್ಕ ಪರಿಶೋಧಕರು ಇದನ್ನು ಬುದ್ಧಿಗೆ ಎಟುಕದ ವೈಫಲ್ಯ ಎಂದು ಕರೆದರು. ಅದಕ್ಕೂ ಮೊದಲು, 2010ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಸರ್ಕಾರಿ ಆಸ್ಪತ್ರೆಗಳ ದಾದಿಯರಿಗೂ ಹೀಗೇ ಆಗಿತ್ತು.

ಹಾಗೆಂದು ಅಜೈಲ್ ಎಂಬ ಮಂತ್ರ ಜಪಿಸಿದರೆ ಎಲ್ಲ ಸರಿಹೋದೀತೇ? ಇಂಗ್ಲೆಂಡಿನಲ್ಲಿ ಆರು ಬಗೆಯ ಸಹಾಯಧನಗಳನ್ನು ಕೂಡಿಸಿ ‘ಯೂನಿವರ್ಸಲ್ ಕ್ರೆಡಿಟ್’ ಮಾಡುವಾಗ ಇದೇ ಪದ್ಧತಿ ಎಂದು ಹೇಳಿಕೊಂಡೇ ಹೊರಟರು. 2013ರಲ್ಲಿ ಅಲ್ಲಿನ ಲೆಕ್ಕ ತಪಾಸಣೆಯವರು ನೋಡಿದರೆ 3.4 ಕೋಟಿ ಪೌಂಡಿನ ಗಣಕದ ಕೆಲಸ ಉಪಯೋಗಕ್ಕೆ ಬಾರದೆಂದು ಹೊಡೆದುಹಾಕಬೇಕಾಗಿತ್ತು. ದೊಡ್ಡ ಗುತ್ತಿಗೆಗೆ ಮೊದಲೇ ಸಹಿ ಮಾಡಿ, ಮುಗಿಸುವ ತಾರೀಕನ್ನು ಮೊದಲೇ ಮಂತ್ರಿಗಳಿಂದ ಹೇಳಿಸಿ, ಒಳಗಡೆ ಮಾತ್ರ ಚುರುಕಾಗಿ ಎಂದರೆ ಹೇಗೆ? ನಮ್ಮಲ್ಲೂ ‘ಬಳಸುವವರಿಗೆ ತೋರಿಸಿದೆವು’ ಎಂದರೆ ಸಾಮಾನ್ಯವಾಗಿ ಮೇಜಿನ ಆಚೆ ಕೂತ ಅಧಿಕಾರಿಗೆ ತೋರಿಸಿದೆವು ಎಂದರ್ಥ. ಆತನಿಗೂ ಪರದೆ ಬೇಕು, ಇಲ್ಲ ಎನ್ನಲಾರೆ. ರವಿಕೆ ತೊಡುವವಳು ಮಾತ್ರ ಬೇರೆ.

ಹೂಗ್ಯಂ ಹೆಸರು 2025ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ, ಮೀಣ್ಯಂ ಕಾಡಿನಲ್ಲಿ, ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತುಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ ಆರೋಪದ ಮೇಲೆ ಕೆಲವರ ಬಂಧನವಾಯಿತು. ಅದರ ಜೊತೆಗೇ ಇನ್ನೊಂದು ಸುದ್ದಿ ಹೊರಬಿತ್ತು, ಅದು ಅಷ್ಟು ದೊಡ್ಡ ಅಕ್ಷರದಲ್ಲಿರಲಿಲ್ಲ. ಆ ಕಾಡನ್ನು ಹಗಲೂ ರಾತ್ರಿ ಕಾಯುವ ಹೊರಗುತ್ತಿಗೆ ನೌಕರರಿಗೆ ಮಾರ್ಚ್‌ನಿಂದ ಸಂಬಳವಾಗಿರಲಿಲ್ಲ. ಹುಲಿಗಳು ಸತ್ತದ್ದು ಬೆಳಕಿಗೆ ಬರುವ ಮೂರು ದಿನ ಮೊದಲು, ಜೂನ್ 23ರಂದು, ಅವರು ಚಾಮರಾಜನಗರದಲ್ಲಿ ಪ್ರತಿಭಟನೆಯನ್ನೂ ಮಾಡಿದ್ದರು. ಸಂಬಳದ ಹಣ ಏಪ್ರಿಲ್‌ನಲ್ಲೇ ಬಿಡುಗಡೆಯಾಗಿತ್ತೆಂದು ಅರಣ್ಯ ಮಂತ್ರಿಗಳೇ ಹೇಳಿದರು.

ಸಂಬಳ ಬಾರದ್ದರಿಂದಲೇ ಹುಲಿ ಸತ್ತಿತು ಎಂದು ಗಂಟು ಹಾಕುವುದು ನನಗೆ ಬೇಡ. ವಿಷದ ಕಥೆ ಬೇರೆ, ಅದಕ್ಕೆ ನ್ಯಾಯಾಲಯವಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ‘ಏಪ್ರಿಲ್‌ನಲ್ಲೇ ಬಿಡುಗಡೆ’ ಎಂಬ ಮಾತು. ಬೆಂಗಳೂರಿನ ಲೆಕ್ಕದಲ್ಲಿ ಹಣ ಹೊರಟಾಗಿತ್ತು. ಕಾಡಿನಲ್ಲಿ ಟಾರ್ಚು ಹಿಡಿದು ಆನೆ ಹೆಜ್ಜೆ ನೋಡುವವನ ಹೆಂಡತಿ ಅಂಗಡಿಯಲ್ಲಿ ಸಾಲ ಹೇಳಿ ಅಕ್ಕಿ ತರುತ್ತಿದ್ದಳು. ನಡುವೆ ಒಂದು ವಿಭಾಗ ಕಚೇರಿ, ಒಂದು ಹೊರಗುತ್ತಿಗೆ ಏಜೆನ್ಸಿ. ಹಣ ಎಲ್ಲಿ ನಿಂತಿದೆ ಎಂದು ಜೂನ್‌ವರೆಗೂ ಯಾವ ಗಣಕವೂ ಕೆಂಪು ದೀಪ ತೋರಿಸಿದ ಹಾಗೆ ಕಾಣಲಿಲ್ಲ. ಅವರು ಊರಿಗೆ ಬಂದು ಬೀದಿಯಲ್ಲಿ ಕೂರಬೇಕಾಯಿತು. ಹಾಗೆಯೇ ಹಸು ಕಳಕೊಂಡವನಿಗೆ ಬರುವ ಪರಿಹಾರವೂ ಒಂದು ಸರ್ಕಾರಿ ಪಾವತಿಯೇ. ಅದಕ್ಕೂ ಅರಣ್ಯ ಇಲಾಖೆ ‘ಇ-ಪರಿಹಾರ’ ಎಂಬ ಗಣಕ ವ್ಯವಸ್ಥೆ ಇಟ್ಟಿದೆ. ಒಂದೇ ಕಾಡಿನಲ್ಲಿ ಹಸುವಿನ ದುಡ್ಡಿಗೆ ಕಾಯುವವರು, ಸಂಬಳಕ್ಕೆ ಕಾಯುವವರು. ಆ ವ್ಯವಸ್ಥೆಗಳನ್ನು ಕಟ್ಟುವವರು ಎರಡು ವಾರಕ್ಕೊಮ್ಮೆ ಬಂದು ಇವರ ಪಕ್ಕ ಒಂದು ದಿನ ಕೂತರೆ ಸಾಕು. ಬೇರೆ ಯಾವ ವಿದೇಶಿ ಪದ್ಧತಿಯೂ ಬೇಕಾಗಿಲ್ಲ.

ಹೊಸ ತಂತ್ರಾಂಶವೂ ಬೇಡ, ಒಂದು ಸಣ್ಣ ಬದಲಾವಣೆ ಮಾಡಲಿ. ಹಣ ಹೋದ ಮೇಲೆ ಫೋನಿಗೆ ಒಂದು ಕರೆ, ಕನ್ನಡದಲ್ಲಿ, ನಮ್ಮ ಕಡೆಯ ಸೋಲಿಗರಿಗೂ ತಮಿಳು ಮನೆಮಾತಿನವರಿಗೂ ತಿಳಿಯುವ ಹಾಗೆ: ಬಂತೆ? ಬಂದಿದ್ದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು. ಫೋನಿಲ್ಲದವರಿಗೆ ಅಂಗನವಾಡಿಯಲ್ಲಿ ಒಂದು ಪುಸ್ತಕ. ‘ಎರಡು’ ಒತ್ತಿದವರ ಲೆಕ್ಕ ಇಳಿಯುವವರೆಗೆ ಆ ತಿಂಗಳ ಕೆಲಸ ಮುಗಿಯಲಿಲ್ಲ ಎಂದು ಬರೆದಿಡಲಿ. ಸುಳ್ಳು ಹೇಳಿ ಎರಡು ಒತ್ತುವವರು ಇರುತ್ತಾರೆ ಎನ್ನುತ್ತೀರಾ? ಇರಲಿ. ಅದನ್ನು ಪರೀಕ್ಷಿಸಲು ಬ್ಯಾಂಕಿನ ಲೆಕ್ಕ ಹೇಗೂ ಕೈಯಲ್ಲಿದೆ.

ಹೀಗೊಂದು ಲೆಕ್ಕ ಇದ್ದಿದ್ದರೆ ಎಲ್ಲಿ ಉಪಯೋಗವಾಗುತ್ತಿತ್ತು ಎಂಬುದಕ್ಕೆ ಬೆಳಗಾವಿಯೇ ಸಾಕ್ಷಿ. 2025ರ ಡಿಸೆಂಬರ್ ಅಧಿವೇಶನದಲ್ಲಿ ಗೃಹಲಕ್ಷ್ಮಿಯ ಹಣ ಆಗಸ್ಟ್‌ವರೆಗೆ ಸಂದಾಯವಾಗಿದೆ ಎಂದು ಸದನಕ್ಕೆ ಉತ್ತರ ಬಂತು. ವಿರೋಧ ಪಕ್ಷದವರು ಪಟ್ಟು ಹಿಡಿದ ಮೇಲೆ, ಆ ವರ್ಷದ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಕಂತು ಹೋಗಿಯೇ ಇಲ್ಲ ಎಂಬುದನ್ನು ಮಂತ್ರಿಗಳು ಒಪ್ಪಿ ವಿಷಾದ ಹೇಳಿದರು. ಕೋಟಿ ಮನೆಗಳಿಗೆ ಸೇರಬೇಕಾದ ಎರಡು ತಿಂಗಳ ದುಡ್ಡಿನ ಲೆಕ್ಕ ಸರಿಹೊಂದಿಸಲು ಒಂಬತ್ತು ತಿಂಗಳು ಬೇಕಾಯಿತು. ಅಡಿಗೆ ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ತೂಗುಹಾಕಿಕೊಂಡು, ದುಡ್ಡು ಬಂದ ತಾರೀಕಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕುವ ಹೆಂಗಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಹಾಲಿನ ಲೆಕ್ಕದ ಪಕ್ಕದಲ್ಲೇ. ಅವರಲ್ಲಿ ಯಾರನ್ನು ಏಪ್ರಿಲ್‌ನಲ್ಲಿ ಕೇಳಿದ್ದರೂ ಹೇಳುತ್ತಿದ್ದರು.